ಬಂಡೆಯೊಳಗಿನ ಎಣ್ಣೆ ಎಷ್ಟು ದಿನಕ್ಕೆ?

ಪ್ರಶ್ನೆ: ನಮ್ಮೂರಿನ ಪಕ್ಕ ಪಾದೂರಿನಲ್ಲಿ ನೆಲದಡಿ ಕಚ್ಚಾ ತೈಲ ತುಂಬಿಸಿಟ್ಟಿದ್ದಾರೆ. ಕೊಲ್ಲಿ ದೇಶಗಳಲ್ಲಿ ಗಲಾಟೆ ಅಂದಾಗಲೆಲ್ಲ ‘ನಮಗೇನು, ಇಲ್ಲೇ ಸ್ಟಾಕ್ ಇದೆಯಲ್ಲ’ ಅಂತಾರೆ. ಅದು ನಿಜವಾಗಿ ಎಷ್ಟು ದಿನಕ್ಕೆ ಬರುತ್ತದೆ? ಅಷ್ಟು ಎಣ್ಣೆ ಬಂಡೆಯೊಳಗೆ ಹೇಗೆ ನಿಲ್ಲುತ್ತದೆ, ಬಾವಿಗೆ ಇಳಿಯುವುದಿಲ್ವಾ?
— ಓದುಗರು, ಕಾಪು

ಉತ್ತರ: ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಹಿಡಿಯುತ್ತದೆ. ಮೂರೂ ತುಂಬಿದ್ದರೆ ಇಡೀ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ. ತೈಲ ಕಂಪನಿಗಳ ಹತ್ತಿರ ಇರುವುದನ್ನೂ ಸೇರಿಸಿದರೆ 74 ದಿನ ಅನ್ನುವುದು ಸರ್ಕಾರ ಸಂಸತ್ತಿಗೆ ಕೊಟ್ಟಿರುವ ಲೆಕ್ಕ. ‘ತುಂಬಿದ್ದರೆ’ ಅನ್ನುವ ಮಾತನ್ನು ಮರೆಯಬೇಡಿ. 2020ರ ಏಪ್ರಿಲ್–ಮೇನಲ್ಲಿ ಕೊರೊನಾದಿಂದ ಬೆಲೆ ನೆಲ ಕಚ್ಚಿದಾಗ ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ನಂತೆ ಕೊಂಡು ತುಂಬಿಸಿದರು, ಸುಮಾರು 5,000 ಕೋಟಿ ರೂಪಾಯಿ ಉಳಿಯಿತು. ಅಂಥ ಸಮಯ ಪದೇ ಪದೇ ಬರುವುದಿಲ್ಲ.

ಇನ್ನು ಬಾವಿಯ ವಿಚಾರ. ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ ಮೇಲೆ ಎಣ್ಣೆ ಬಿಟ್ಟು ದೀಪ ಹಚ್ಚುತ್ತೇವಲ್ಲ, ಎಣ್ಣೆ ಮೇಲೇ ಇರುತ್ತದೆ. ಇಲ್ಲೂ ಅದೇ ಗುಣವನ್ನು ಬಳಸಿದ್ದಾರೆ. ಅಂತರ್ಜಲದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ, ಗಟ್ಟಿ ಬಂಡೆಯಲ್ಲಿ ಗುಹೆ ಕೊರೆದಿದ್ದಾರೆ. ಸುತ್ತಲಿನ ಬಿರುಕುಗಳಲ್ಲಿ ನೀರು ನಿಂತಿರುತ್ತದೆ, ಅದರ ಒತ್ತಡ ಎಣ್ಣೆಯದಕ್ಕಿಂತ ಜಾಸ್ತಿ. ಹಾಗಾಗಿ ನೀರು ಒಳಗೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಗೆ ಬರುವುದಿಲ್ಲ. ಜಿನುಗಿದ ನೀರು ತಳಕ್ಕೆ ಸೇರುತ್ತದೆ, ಅದನ್ನು ಪಂಪ್ ಮಾಡಿ ತೆಗೆಯುತ್ತಾರೆ. ಬಂಡೆಯಲ್ಲಿ ನೀರು ಕಡಿಮೆ ಆಗದಂತೆ ಮೇಲಿನಿಂದ ನೀರು ಬಿಡುವ ವ್ಯವಸ್ಥೆಯೂ ಇದೆ.

ಅಂದರೆ ಎಣ್ಣೆಯನ್ನು ಹಿಡಿದಿಟ್ಟಿರುವುದು ನಿಮ್ಮೂರಿನ ನೆಲದ ನೀರೇ! ಅದಕ್ಕೇ ಹೇಳುತ್ತೇನೆ, ಬಾವಿಗಳ ನೀರಿನ ಮಟ್ಟ ಅಳೆದು, ನೀರು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಹಚ್ಚಿ ಅಂತ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಿ. ಪಾದೂರಿನಲ್ಲೇ ಇನ್ನೂ 25 ಲಕ್ಷ ಟನ್‌ನ ಎರಡನೇ ಹಂತಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿದೆ. ಈಗಲೇ ಕೇಳಬೇಕು.

ಸಂಗ್ರಹ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿ ತೈಲದ ಬೆಲೆ ಏರಿದಾಗ, ಮೊದಲೇ ಬಡಕಲಾಗಿದ್ದ ನಮ್ಮ ಡಾಲರ್ ಖಜಾನೆ ಕರಗಿಹೋಯಿತು, ಮರುವರ್ಷ ದೇಶ ಚಿನ್ನ ಅಡವಿಡಬೇಕಾಯಿತು. ಆದರೆ ನಾವು ಬಳಸುವ ನೂರು ಲೀಟರ್ ಕಚ್ಚಾ ತೈಲದಲ್ಲಿ 85ಕ್ಕೂ ಜಾಸ್ತಿ ಇವತ್ತಿಗೂ ಹೊರಗಿನದು. ಬಂಡೆಯೊಳಗಿನ ಎಣ್ಣೆ ಕೊಡುವುದು ಕೆಲವು ದಿನಗಳ ಉಸಿರು, ಅಷ್ಟೇ.

ಪ್ರಶ್ನೆ: ಪೆಟ್ರೋಲ್ ಬೈಕ್ ಮಾರಿ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ಸ್ನೇಹಿತರು ‘ಕರೆಂಟೂ ಕಲ್ಲಿದ್ದಲಿನದೇ, ಬ್ಯಾಟರಿ ಚೀನಾದ್ದು, ದೇಶಕ್ಕೇನು ಲಾಭ’ ಅಂತಾರೆ. ಹೌದಾ?
— ಓದುಗರು, ಬೆಂಗಳೂರು

ಉತ್ತರ: ಲಾಭ ಇದೆ. ಕಲ್ಲಿದ್ದಲಿನ ಹೊಗೆಯ ಮಾತು ಬೇರೆ, ಆದರೆ ನಮ್ಮ ಕರೆಂಟಿಗೆ ಉರಿಯುವ ಕಲ್ಲಿದ್ದಲು ಬಹುಪಾಲು ದೇಶದ ಗಣಿಗಳದ್ದೇ. ಜೊತೆಗೆ ಪಾವಗಡದಲ್ಲೇ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಇದೆ. ಬ್ಯಾಟರಿಯ ಸಾಮಾನು ಹೊರಗಿಂದ ಬರುವುದು ನಿಜ, ಆದರೆ ಅದು ಒಮ್ಮೆ ಬಂದರೆ ವರ್ಷಗಟ್ಟಲೆ ಬರುತ್ತದೆ. ಪೆಟ್ರೋಲ್ ಹಾಗಲ್ಲ ಅಲ್ವಾ, ಪ್ರತಿ ವಾರ ಬಂಕ್ ಮುಂದೆ ನಿಲ್ಲಬೇಕು.

ಆದರೆ ದೊಡ್ಡ ಗಂಟು ಇರುವುದು ಡೀಸೆಲ್‌ನಲ್ಲಿ. ದೇಶದಲ್ಲಿ ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಜಾಸ್ತಿ ಡೀಸೆಲ್ ಖರ್ಚಾಗುತ್ತದೆ. ಲಾರಿ, ಬಸ್ಸು, ಟ್ರ್ಯಾಕ್ಟರ್. ನಮ್ಮ ತಟ್ಟೆಯ ಟೊಮೆಟೊ, ಈರುಳ್ಳಿ, ಅಕ್ಕಿ ಎಲ್ಲ ಡೀಸೆಲ್ ಮೇಲೇ ಕೂತು ಬರುತ್ತವೆ. ಸುರತ್ಕಲ್‌ನಲ್ಲಿ ಒಮ್ಮೆ ಕೊಂಕಣ ರೈಲ್ವೆಯ ರೋ-ರೋ ಗಾಡಿ ನೋಡಿದೆ. ಬಯಲು ವ್ಯಾಗನ್‌ಗಳ ಮೇಲೆ ಸಾಲಾಗಿ ತುಂಬಿದ ಲಾರಿಗಳು, ಚಕ್ರಕ್ಕೆ ಅಡ್ಡ ಕೊಟ್ಟಿದ್ದಾರೆ, ಎಂಜಿನ್ ಆಫ್. ಒಬ್ಬ ಚಾಲಕರು ಕ್ಯಾಬಿನ್ನಿನಲ್ಲಿ ಕೂತು ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದರು, ಪಕ್ಕದ ಲಾರಿಯ ಕನ್ನಡಿಗೆ ಒಗೆದ ಟವೆಲ್ ಸಿಕ್ಕಿಸಿತ್ತು. ಅಲ್ಲಿಂದ ಮಹಾರಾಷ್ಟ್ರದ ಕೋಲಾಡ್‌ಗೆ 700 ಕಿಲೋಮೀಟರ್ ಆಸುಪಾಸು. ಲೀಟರಿಗೆ ನಾಲ್ಕು ಕಿಲೋಮೀಟರ್ ಅಂತ ಇಟ್ಟುಕೊಂಡರೂ ಒಂದೊಂದು ಲಾರಿಗೆ 175 ಲೀಟರ್ ಡೀಸೆಲ್ ಉಳಿಯಿತು. ಆ ಮಾರ್ಗ 2022ರಲ್ಲಿ ಪೂರ್ತಿ ವಿದ್ಯುತ್‌ಗೆ ಬದಲಾಗಿದೆ, ಈಗ ರೈಲಿನ ಎಂಜಿನ್ನಿಗೂ ಡೀಸೆಲ್ ಬೇಕಿಲ್ಲ. ಇಂಥದ್ದು ಕೆಲವೇ ಮಾರ್ಗಗಳಲ್ಲಿ ಏಕಿರಬೇಕು? ನಿಮ್ಮ ಸ್ಕೂಟರ್ ಒಳ್ಳೆಯದೇ, ಆದರೆ ಓಟು ಕೇಳಲು ಬಂದವರ ಹತ್ತಿರ ರೈಲು ಮತ್ತು ಬಸ್ಸನ್ನೂ ಕೇಳಿ.

ಪ್ರಶ್ನೆ: ಗ್ಯಾಸ್ ಬರುವುದು ತಡವಾದರೆ ಕೈಕಾಲೇ ಆಡುವುದಿಲ್ಲ. ನಾಲ್ಕು ಹಸು ಇವೆ, ಸ್ವಲ್ಪ ಅಡಿಕೆ ತೋಟವಿದೆ. ಅತ್ತೆಯವರು ಗೋಬರ್ ಗ್ಯಾಸ್ ಮಾಡಿಸೋಣ ಅಂತಾರೆ. ಅದೆಲ್ಲ ಹಳೇ ಕಾಲದ್ದು ಅಂತ ನನಗೆ ಅನುಮಾನ.
— ಓದುಗರು, ಸಿದ್ದಾಪುರ, ಉತ್ತರ ಕನ್ನಡ

ಉತ್ತರ: ನಿಮ್ಮ ಅತ್ತೆಯವರು ಹೇಳಿದ್ದು ಸರಿ. ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕೂ ಜಾಸ್ತಿ ಆಮದು, ಅದೂ ಬಹುಪಾಲು ಕೊಲ್ಲಿಯ ಬಾಯಲ್ಲಿ, ಇರಾನ್–ಒಮಾನ್ ನಡುವೆ ಇರುವ ಕಿರಿದಾದ ಸಮುದ್ರದಾರಿ ಹಾರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ಕಚ್ಚಾ ತೈಲದಷ್ಟು ಸಂಗ್ರಹವೂ ಇದಕ್ಕಿಲ್ಲ: ಮಂಗಳೂರಿನ ನೆಲದಡಿಯ ಗ್ಯಾಸ್ ಗುಹೆ 80 ಸಾವಿರ ಟನ್ನಿನದು, ದೇಶಕ್ಕೆ ಸುಮಾರು ಒಂದು ದಿನದ ಬಳಕೆ.

ಎರಡು ಘನ ಮೀಟರಿನ ಗೋಬರ್ ಗ್ಯಾಸಿಗೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು. ಕೊಟ್ಟಿಗೆಯಲ್ಲೇ ಕಟ್ಟುವ ನಾಲ್ಕು ಹಸು ಇದ್ದರೆ ಹೆಚ್ಚುಕಡಿಮೆ ಸಾಲುತ್ತದೆ, ನಾಲ್ಕೈದು ಜನರ ಅಡುಗೆ ನಡೆಯುತ್ತದೆ. ಚಳಿಗಾಲದಲ್ಲಿ ಗ್ಯಾಸ್ ಕಡಿಮೆ ಬರುತ್ತದೆ, ಆಗ ಸಿಲಿಂಡರ್ ಇರಲಿ. ಗುಂಡಿಯನ್ನು ಕೊಟ್ಟಿಗೆಗೆ ಹತ್ತಿರ, ಬಿಸಿಲು ಬೀಳುವ ಕಡೆ, ತೋಟಕ್ಕಿಂತ ಎತ್ತರದಲ್ಲಿ ಮಾಡಿಸಿ. ಗ್ಯಾಸ್ ಬಂದ ಮೇಲೆ ಉಳಿಯುವ ಸಗಣಿ ರಾಡಿ (ಸ್ಲರಿ) ತಾನಾಗಿ ಇಳಿದು ಅಡಿಕೆ ಬುಡಕ್ಕೆ ಹೋಗುತ್ತದೆ, ಹೊರುವ ಕೆಲಸ ತಪ್ಪುತ್ತದೆ.