ಹೊಟ್ಟೆಯ ನೀರೂ ಆ 410 ಎಂಬ ನಂಬರೂ

ಕುಮಟಾದ ಓದುಗರೊಬ್ಬರು ಬರೆದಿದ್ದಾರೆ: "ಆಯಿಗೆ ಎರಡು ತಿಂಗಳಿಂದ ಹೊಟ್ಟೆ ಊದಿದೆ. ಸ್ಕ್ಯಾನ್ ಮಾಡಿ ನೀರು ತುಂಬಿದೆ ಅಂದರು. ರಕ್ತದಲ್ಲಿ ಸಿಎ-125 ಎಂಬ ಟೆಸ್ಟ್ 35ರ ಒಳಗಿರಬೇಕಂತೆ, 410 ಬಂದಿದೆ. ನೋಡಲು ಬಂದವರೆಲ್ಲ ಕ್ಯಾನ್ಸರೇ ಅಂತಾರೆ. ಇನ್ನು ಮಣಿಪಾಲಕ್ಕೆ ಓಡಾಡಿಸಿ ಆಯಿಗೆ ತ್ರಾಸು ಕೊಡಬೇಕಾ?"

ಕರೆದುಕೊಂಡು ಹೋಗಿ. ಈ ವಾರವೇ ಹೋಗಿ. ಆ 410 ನೋಡಿ ಕೈಚೆಲ್ಲಬೇಡಿ.

ಹೊಟ್ಟೆಯ ಒಳಗೆ ಸುತ್ತಲೂ ತೆಳುವಾದ ಪೊರೆ ಇದೆ. ನೀರು ತುಂಬಿ ಅದು ಬಿಗಿದಾಗ, ಕೆರಳಿದಾಗ, ಪೊರೆಯೇ ಸಿಎ-125 ಎಂಬ ಪ್ರೋಟೀನ್ ತಯಾರಿಸುತ್ತದೆ. ಅಂಡಾಶಯದ ಕ್ಯಾನ್ಸರಿನಲ್ಲಿ ಈ ನಂಬರ್ ಏರುವುದು ನಿಜ. ಆದರೆ ಲಿವರ್ ಸಿರೋಸಿಸ್, ಹೊಟ್ಟೆಯ ಟಿಬಿ, ಹಾರ್ಟಿನ ತೊಂದರೆಯಲ್ಲೂ ನೂರಾರು ದಾಟುತ್ತದೆ. ನೀರು ತುಂಬಿದ ಹೊಟ್ಟೆಯಲ್ಲಿ ಈ ಒಂದೇ ನಂಬರಿನಿಂದ ಏನೂ ತೀರ್ಮಾನವಾಗುವುದಿಲ್ಲ.

ತೀರ್ಮಾನಕ್ಕೆ ಆ ನೀರನ್ನೇ ನೋಡಬೇಕು. ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು. ಹೊಟ್ಟೆಯ ಬದಿಗೆ ಸೂಜಿ ಹಾಕಿ ನೀರು ತೆಗೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬಾಟಲಿಯನ್ನು ಬೆಳಕಿಗೆ ಹಿಡಿದರೆ ತಿಳಿ ಹಳದಿ. ಆ ಬಣ್ಣ ನೋಡಿ ಏನು ಗೊತ್ತಾಗುತ್ತದೆ, ಅಲ್ವಾ? ಡಾಕ್ಟರ್ ಮೊದಲು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿನ ಪ್ರಮಾಣದಿಂದ ನೀರಿನ ಆಲ್ಬುಮಿನ್ ಪ್ರಮಾಣ ಕಳೆದರು. ಉಳಿಯುವುದು ನೂರು ಮಿಲಿಲೀಟರಿಗೆ 1.1 ಗ್ರಾಂ ಅಥವಾ ಜಾಸ್ತಿ ಇದ್ದರೆ ಲಿವರ್ ಇಲ್ಲವೇ ಹಾರ್ಟಿನ ಕಡೆ ನೋಡುತ್ತಾರೆ. ಕಡಿಮೆ ಇದ್ದರೆ ಟಿಬಿ, ಕ್ಯಾನ್ಸರ್ ಎರಡರ ಮೇಲೂ ಸಂಶಯ. ದೊಡ್ಡಮ್ಮನದು ಕಡಿಮೆ ಬಂತು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ನೀರಿನ ಎಡಿಎ ಟೆಸ್ಟ್ ಜಾಸ್ತಿ ಬಂತು, ಅದು ಟಿಬಿಯ ಸೂಚನೆ. ಪೊರೆಯ ಚೂರು ತೆಗೆದು ನೋಡಿದಾಗ ಟಿಬಿಯೇ ಎಂದು ಖಚಿತವಾಯಿತು. ಆರು ತಿಂಗಳ ಮಾತ್ರೆ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಈಗಲೂ ಅಂಗಳದಲ್ಲಿ ಅಡಿಕೆ ಸುಲಿಯುತ್ತಾರೆ.

ನಿಮ್ಮ ಆಯಿಯದೂ ಟಿಬಿಯೇ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಧೈರ್ಯ ತುಂಬಲು ಸುಳ್ಳು ಹೇಳಲಾರೆ. ನೀರಿನಲ್ಲಿ ಕ್ಯಾನ್ಸರ್ ಕಣ ಇದೆಯಾ ಎಂದು ಕೇಳಿ. ಒಮ್ಮೆ ಸಿಗಲಿಲ್ಲ ಅಂದರೆ ಮತ್ತೊಮ್ಮೆ ನೀರು ತೆಗೆದು ನೋಡುವುದುಂಟು. ನೀರಿನಲ್ಲೇ ಸಿಇಎ ಎಂಬ ಟೆಸ್ಟ್ ಕೂಡ ಮಾಡಿಸುತ್ತಾರೆ. ಅದು ತೀರಾ ಜಾಸ್ತಿ ಇದ್ದರೆ ಕ್ಯಾನ್ಸರಿನ ಸಂಶಯ ಬಲವಾಗುತ್ತದೆ. ಕಡಿಮೆ ಇದೆ ಅಂತ ನಿಶ್ಚಿಂತೆಯಾಗಿ ಕೂರುವ ಹಾಗಿಲ್ಲ. ಕ್ಯಾನ್ಸರ್ ಅಂತಲೇ ಆದರೂ ಯಾವುದು, ಎಲ್ಲಿಂದ ಎಂದು ತಿಳಿದರೆ ಔಷಧಿ ಶುರು ಮಾಡಬಹುದು.

ಹೋಗುವಾಗ ಹಳೆಯ ಸ್ಕ್ಯಾನ್, ರಕ್ತದ ರಿಪೋರ್ಟ್ ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ನೀರಿನ ರಿಪೋರ್ಟ್ ಬಂದ ಮೇಲೆ ನನಗೆ ಬರೆಯಿರಿ. ಅಲ್ಲಿಯವರೆಗೆ ಆಯಿಯ ಎದುರು ಆ ಕಾಯಿಲೆಯ ಹೆಸರು ಎತ್ತಬೇಡಿ ಅಂತ ಬಂದವರಿಗೆ ಬಾಗಿಲಲ್ಲೇ ಹೇಳಿಬಿಡಿ.