ಬಂಗಡೆ ಸಾರು ಮತ್ತು ಬೆಳಗಿನ ಡಬ್ಬಿ

'ನನ್ನ ಅಕ್ಕನ ಮಗ ಮೂತ್ರಪಿಂಡದ ಡಾಕ್ಟರು. ಈಗ ರೋಗಿಗಳನ್ನು ನೋಡುವುದು ಕಡಿಮೆ ಮಾಡಿ ಸಂಶೋಧನಾ ತಂಡವೊಂದರ ಮುಖ್ಯಸ್ಥನಾಗಿದ್ದಾನೆ. ನಮ್ಮ ಯಜಮಾನರು ವಾರಕ್ಕೆರಡು ದಿನ ಬಸ್ಸು ಹಿಡಿದು ಕಾರವಾರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಾರೆ. ಈ ಹುಡುಗ ಕಂಪ್ಯೂಟರ್ ಮುಂದೆ ಕೂತು ಯಾರನ್ನು ಉಳಿಸುತ್ತಾನೆ?'
– ಓದುಗರೊಬ್ಬರು, ಅಂಕೋಲಾ

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಾಲ್ಕು ತಾಸು ಯಂತ್ರಕ್ಕೆ ಕೈಕೊಟ್ಟು ಮಲಗಿ ಬರುವವರ ಮನೆಯಲ್ಲಿ ಸಂಶೋಧನೆಯ ಮಾತು ರುಚಿಸುವುದಿಲ್ಲ. ಆದರೂ ಆ ಹುಡುಗನ ಪರವಾಗಿ ತುಸು ವಕಾಲತ್ತು ಮಾಡುತ್ತೇನೆ.

ಈ ಕಾಯಿಲೆಗೆ ಸದ್ದಿಲ್ಲ. ಮೂತ್ರಪಿಂಡದ ಶಕ್ತಿ ಅರ್ಧ ಕುಸಿದಿದ್ದರೂ ಊಟ, ನಿದ್ದೆ ಸರಿಯಾಗಿಯೇ ಇರಬಹುದು. ದೋಷ ಕನಿಷ್ಠ 3 ತಿಂಗಳು ಉಳಿದಿದ್ದರೆ ಮಾತ್ರ ಅದನ್ನು ದೀರ್ಘಕಾಲದ್ದು ಎನ್ನುತ್ತಾರೆ. ಅಂದರೆ 'ನನಗೇನಾಗಿದೆ' ಎನ್ನುವವರನ್ನೇ ಎರಡನೇ ಸಲ ಕರೆಸಬೇಕು. ನಮ್ಮಲ್ಲೇ ಊಹಿಸಿಕೊಳ್ಳಿ: ದೋಣಿ ದಡ ಸೇರುವ ಹೊತ್ತಿಗೆ ಬುಟ್ಟಿ ಹೊತ್ತು ಹೊರಡುವ ಮೀನುಗಾರ ಹೆಂಗಸಿಗೆ ಬೆಳಗಿನ ಮೊದಲ ಮೂತ್ರವನ್ನು ಡಬ್ಬಿಯಲ್ಲಿ ತಂದುಕೊಡಿ ಎನ್ನಬೇಕು. ಹಿಂದಿನ ರಾತ್ರಿ ಬಂಗಡೆ ಸಾರು ಬೇಡ ಎಂದೂ ಹೇಳಬೇಕು; ಮೂತ್ರಪಿಂಡದ ಶಕ್ತಿ ಅಳೆಯಲು ನೋಡುವ ರಕ್ತದ ಕಶ್ಮಲ ಕ್ರಿಯಾಟಿನಿನ್, ಮೀನು, ಮಾಂಸ ತಿಂದರೆ ತಾತ್ಕಾಲಿಕವಾಗಿ ಏರುತ್ತದೆ. (ಅಂಕೋಲಾದಲ್ಲಿ ಹೀಗೆ ಹೇಳಲು ಎಂಟೆದೆ ಬೇಕು.) ಎರಡು ಪ್ರಯೋಗಾಲಯಗಳ ಅಂಕಿಗಳು ತಾಳೆಯಾಗದಿದ್ದರೆ, ಏರಿಳಿದದ್ದು ರೋಗವೋ ಪರೀಕ್ಷೆಯ ವಿಧಾನವೋ ಎಂದು ತೀರ್ಮಾನಿಸಬೇಕಾದವನು ಮುಖ್ಯಸ್ಥನೇ. ಅನುದಾನ, ನೈತಿಕ ಸಮಿತಿಯ ಒಪ್ಪಿಗೆ, ರಕ್ತ ತೆಗೆಯುವ ಹುಡುಗಿಯ ಸಂಬಳ, ಇವೂ ಅವನ ತಲೆಯ ಮೇಲೆಯೇ.

ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ನಮ್ಮ ಹಾಗೆಯೇ ತೆಂಗು, ಗೇರಿನ ಕರಾವಳಿ. ಅಲ್ಲಿ ಸಕ್ಕರೆ ಕಾಯಿಲೆಯಿಲ್ಲದ ರೈತರ, ಕೂಲಿಗಳ ಮೂತ್ರಪಿಂಡಗಳೂ ಸೋಲುತ್ತಿವೆ. ನೀರು, ಕೀಟನಾಶಕ, ಬಿಸಿಲಿನ ದುಡಿತ, ನೋವಿನ ಮಾತ್ರೆ – ಎಲ್ಲದರ ಮೇಲೂ ಅನುಮಾನ ಬಿದ್ದಿದೆ, ಒಂದೂ ಸಾಬೀತಾಗಿಲ್ಲ. ಶ್ರೀಲಂಕಾದ ಭತ್ತದ ಬಯಲಿನಲ್ಲಿ, ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಇಂಥದೇ ಒಗಟು. ಡಯಾಲಿಸಿಸ್ ಯಂತ್ರಗಳನ್ನು ಸಾಲಾಗಿ ತಂದು ನಿಲ್ಲಿಸಿದರೂ ಅದು ಬಿಡಿಸಿಕೊಳ್ಳುವುದಿಲ್ಲ.

ಹಾಗೆಂದು ಅವನನ್ನು ಪೂರ್ತಿ ಬಿಟ್ಟುಬಿಡಬೇಡಿ. ಹಬ್ಬಕ್ಕೆ ಬಂದಾಗ ಕೇಳಿ: ಸೂಜಿ ಚುಚ್ಚಿಸಿಕೊಂಡವರ ಕೈಗೆ ಫಲಿತಾಂಶದ ಚೀಟಿ, ಅವರಿಗೆ ತಿಳಿಯುವ ಭಾಷೆಯಲ್ಲಿ, ತಲುಪಿದೆಯೇ? ಇಲ್ಲವೆಂದರೆ ನಿಮ್ಮ ಬೈಗುಳದ ಜೊತೆ ನನ್ನದನ್ನೂ ಸೇರಿಸಿಕೊಳ್ಳಿ.