ಸಾವಯವ ರಾಗಿ: ಬಿತ್ತುವ ಮುನ್ನ ಲೆಕ್ಕ ಹಾಕಿ

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ತಿರ ಮೂರು ಎಕರೆ ಇದೆ. ಎರಡರಲ್ಲಿ ಮಳೆಯಾಶ್ರಿತ ರಾಗಿ, ಒಂದರಲ್ಲಿ ಬೋರ್‌ವೆಲ್ ನೀರಿನ ಟೊಮೆಟೊ. ಬೆಂಗಳೂರಿನ ಅಂಗಡಿಗಳಲ್ಲಿ ಸಾವಯವ ರಾಗಿಗೆ ಒಳ್ಳೆ ಬೆಲೆ ಇದೆ. ಈ ಮುಂಗಾರಿಗೇ ಪೂರ್ತಿ ಬದಲಾದರೆ ಗಿಟ್ಟುತ್ತದೆಯೇ?

ಉತ್ತರ: ಮೂರೂ ಎಕರೆ ಒಟ್ಟಿಗೆ ಬೇಡ. ರಾಗಿ ಹೊಲದಿಂದ ಶುರು ಮಾಡಿ. ರೋಗ, ಕೀಟ ಎರಡೂ ಕಾಡುವ ಟೊಮೆಟೊ ಕೊನೆಗಿರಲಿ.

ಎನ್‌ಪಿಒಪಿ (ಕೇಂದ್ರ ಸರ್ಕಾರದ ಸಾವಯವ ಉತ್ಪಾದನೆ ಕಾರ್ಯಕ್ರಮ) ದೃಢೀಕರಣಕ್ಕೆ ಹೋದರೆ ವಾರ್ಷಿಕ ಬೆಳೆಗೆ ಎರಡು ವರ್ಷ ಪರಿವರ್ತನೆ ಅವಧಿ, ಅಂದರೆ ರಾಸಾಯನಿಕ ಬಿಟ್ಟು ಕಾಯಬೇಕಾದ ಕಾಲ. ಆಗ ಇಳುವರಿ ಇಳಿದರೂ ಬೆಲೆ ಸಾಮಾನ್ಯವಾಗಿ ಮಾಮೂಲಿ ರಾಗಿಯದೇ. ಎಕರೆಗೆ 10 ಕ್ವಿಂಟಲ್ ಇದ್ದದ್ದು 8ಕ್ಕೆ ಇಳಿಯಿತು, ಬೆಲೆ ಕ್ವಿಂಟಲ್‌ಗೆ ₹4,000 ಅಂದುಕೊಳ್ಳಿ. ರಸಗೊಬ್ಬರದ ಉಳಿತಾಯ ಕಳೆದೂ ಗೊಬ್ಬರ, ಕಳೆ ಕೂಲಿಗೆ ₹6,000 ಹೆಚ್ಚಾದರೆ ಎಕರೆಗೆ ₹14,000 ಖೋತಾ. ಹಳೆಯ ಆದಾಯ ಉಳಿಯಲು ಕ್ವಿಂಟಲ್‌ಗೆ ₹5,750 ಸಿಗಬೇಕು, ಅದೂ ಹೊಲದ ಬಾಗಿಲಲ್ಲಿ. ಅಂಗಡಿ ಬೆಲೆಯಲ್ಲಿ ಸ್ವಚ್ಛ ಮಾಡುವ, ಪ್ಯಾಕ್ ಮಾಡುವ, ಸಾಗಿಸುವ ಖರ್ಚೂ ಸೇರಿದೆ.

ಏಟು ಬೀಳುವುದು ಸಾರಜನಕದಲ್ಲಿ. ಮಳೆಯಾಶ್ರಿತ ರಾಗಿಗೆ ಎಕರೆಗೆ 20 ಕಿಲೋ ಬೇಕು. 45 ಕಿಲೋದ ಒಂದು ಮೂಟೆ ಯೂರಿಯಾದಲ್ಲಿ ಅಷ್ಟಿದೆ, ಬೆಲೆ ಸುಮಾರು ₹270. ಅದೇ ಕೊಟ್ಟಿಗೆ ಗೊಬ್ಬರವಾದರೆ ಸುಮಾರು 4 ಟನ್. ಮೊದಲ ವರ್ಷ ಬೆಳೆಗೆ ದಕ್ಕುವುದು ಅದರಲ್ಲೊಂದು ಪಾಲು ಮಾತ್ರ. ಮನೆಯಲ್ಲಿ ದನ ಇಲ್ಲದೆ ಎಲ್ಲವನ್ನೂ ಟ್ರ್ಯಾಕ್ಟರ್ ಲೋಡಿನಲ್ಲಿ ಕೊಂಡರೆ ಲಾಭದ ಮಾತೇ ಇಲ್ಲ. ಕಳಿಯದ ಗೊಬ್ಬರವನ್ನಂತೂ ತರಲೇಬೇಡಿ, ಗೊಣ್ಣೆ ಹುಳ ಮತ್ತು ಕಳೆ ಬೀಜ ಜೊತೆಗೇ ಬರುತ್ತವೆ.

ಸಾರಜನಕವನ್ನು ಹೊಲದಲ್ಲೇ ಬೆಳೆಯಿರಿ. ಮೇ ಮಳೆಗೆ ಎಕರೆಗೆ 15 ಕಿಲೋ ಅಪ್ಸೆಣಬು (ಹಸಿರೆಲೆ ಗೊಬ್ಬರದ ಬೆಳೆ) ಬೀಜ ಚೆಲ್ಲಿ, 45 ದಿನಕ್ಕೆ, ಹೂ ಕಾಣುತ್ತಿದ್ದಂತೆ ಉತ್ತು ಮಣ್ಣಿಗೆ ಸೇರಿಸಿ. ತಡವಾದರೆ ಕಾಂಡ ನಾರಾಗುತ್ತದೆ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಪೈರು ಹಳದಿಯಾಗುತ್ತದೆ. ಎರಡು ವಾರ ಬಿಟ್ಟು ರಾಗಿ ಬಿತ್ತಿ. ಮೇ ಮಳೆ ಕೈಕೊಟ್ಟರೆ ಸೆಣಬು ಬೇಡ, ಇರುವ ತೇವವನ್ನೂ ಕುಡಿದುಬಿಡುತ್ತದೆ. ಬದುವಿನ ಹೊಂಗೆ ಸೊಪ್ಪು ಹಾಕಿ. ರಾಗಿಯ ನಡುವೆ ಹಾಕುವ ಅಕ್ಕಡಿ ಸಾಲಿನ ಅವರೆ, ತೊಗರಿ ತಪ್ಪಿಸಬೇಡಿ, ಪರಿವರ್ತನೆಯ ವರ್ಷಗಳಲ್ಲಿ ನಾಲ್ಕು ಕಾಸು ಕಾಣುವುದು ಅಲ್ಲೇ.

ಎರಡು ಎಕರೆಗೆ ಒಬ್ಬರೇ ದೃಢೀಕರಣ ಶುಲ್ಕ ಹೊರುವುದು ದುಬಾರಿ. ಊರಿನ ಕನಿಷ್ಠ ಐವರು ರೈತರು ಸೇರಿ ಪಿಜಿಎಸ್ ಗುಂಪು (ರೈತರೇ ಒಬ್ಬರ ಹೊಲ ಇನ್ನೊಬ್ಬರು ನೋಡಿ ದೃಢೀಕರಿಸುವ ವ್ಯವಸ್ಥೆ) ಮಾಡಿಕೊಳ್ಳಿ. ಟೊಮೆಟೊಗೆ ಹೊಡೆಯುವ ಸ್ಪ್ರೇಯರನ್ನು ರಾಗಿ ಹೊಲಕ್ಕೆ ಒಯ್ಯಬೇಡಿ, ನಡುವೆ ಬೇಲಿಸಾಲು ಇರಲಿ.

ಪ್ರಶ್ನೆ: ಗೊಬ್ಬರದ ಬದಲು ಸಗಣಿ, ಗಂಜಲ ಹುದುಗಿಸಿ ಮಾಡುವ ಜೀವಾಮೃತ ಒಂದೇ ಸಾಲದೇ? (ಮಾಗಡಿಯ ಓದುಗರು)

ಉತ್ತರ: ಸಾಲದು. 200 ಲೀಟರಿನ ಡ್ರಮ್ಮಿಗೆ ಹಾಕುವ 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಹಿಟ್ಟು ಎಲ್ಲ ಸೇರಿದರೂ ಸಾರಜನಕ ಅರ್ಧ ಕಿಲೋ ದಾಟುವುದಿಲ್ಲ. ಗೊಬ್ಬರದ ಜೊತೆಗೆ ಕೊಡಿ, ಗೊಬ್ಬರದ ಬದಲಿಗೆ ಬೇಡ.